ಜನರಲ್ ಬಾಯಿಬಿಟ್ಟ ಮಧ್ಯಾಹ್ನ

ಪತ್ರಿಕೋದ್ಯಮ ಓದುತ್ತಿರುವ ನಮ್ಮ ಕನ್ನಡದ ಮಕ್ಕಳು ಆಗೊಮ್ಮೆ ಈಗೊಮ್ಮೆ ಕ್ಯಾಲಿಫೋರ್ನಿಯಾದ ಗಿಲ್‌ರಾಯ್‌ನಲ್ಲಿರುವ ನನ್ನ ಮನೆಗೆ ಬರುತ್ತಾರೆ. ಅವರ ಅಪ್ಪ ಅಮ್ಮಂದಿರಿಗೆ ಇದು ಸುತರಾಂ ಇಷ್ಟವಿಲ್ಲ. ಕಂಪ್ಯೂಟರ್ ಬಿಟ್ಟು ಇದೇನು ಹುಚ್ಚು ಎಂದು ಮಕ್ಕಳನ್ನು ಬಯ್ಯಲಾರದೆ ನನ್ನನ್ನು ಬೈದುಕೊಳ್ಳುತ್ತಾರೆ. ಬಂದ ಮಕ್ಕಳು ಕೇಳುವ ಪ್ರಶ್ನೆ ಮಾತ್ರ ಒಂದೇ: "ಆಂಟಿ, ಹೌ ಡು ಯು ಗೆಟ್ ದೆಮ್ ಟು ಟಾಕ್?"

ದೊಡ್ಡವರ ಬಾಯಿ ಬಿಡಿಸುವುದು ಹೇಗೆ ಅಂತ. ಅದೇನೂ ಕಷ್ಟವಲ್ಲ ಮಕ್ಕಳೇ. ಈ ಕಡಲತೀರದ ಒಂದು ದಿನಪತ್ರಿಕೆಯಲ್ಲಿ ಸೇನೆಯ ಸುದ್ದಿ ಬರೆಯುತ್ತಲೇ ನನ್ನ ಕೂದಲು ನರೆಯಿತು. ನಾನು ಕಂಡಂತೆ ದೊಡ್ಡ ಅಧಿಕಾರಿಗಳು ಬಾಯಿಬಿಡುವುದಕ್ಕೆ ಕಾದೇ ಇರುತ್ತಾರೆ. ಎಲ್ಲಿ ಬಿಡಬೇಕೋ ಅಲ್ಲಿ ಬಿಡುವುದಿಲ್ಲ, ಅಷ್ಟೇ. ಅವರು ನಮ್ಮೆದುರು ಮನಸ್ಸು ಬಿಚ್ಚಿದರೆ ನಾವು ಉಬ್ಬಿಹೋಗುತ್ತೇವೆ. ನಿವೃತ್ತಿಯಾದ ಮೇಲೂ ನನಗೆ ಆರದ ಸಿಟ್ಟು ಇದೊಂದೇ, ಅದಕ್ಕೇ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ನಡೆದ ಮಾತುಗಳನ್ನು ನನ್ನ ಕನ್ನಡದಲ್ಲೇ ಹೇಳುತ್ತೇನೆ.

ಸೇನೆಯ ಸುದ್ದಿ ನನ್ನ ಪಾಲಿಗೆ ಬಂದದ್ದು ಬೇರೆ ಯಾರಿಗೂ ಬೇಡವಾಗಿದ್ದರಿಂದ. ಸುತ್ತಮುತ್ತಲ ನೆಲೆಗಳೆಲ್ಲ ಒಂದೊಂದಾಗಿ ಮುಚ್ಚಿದ್ದವು, ಜಾಣರೆಲ್ಲ ಕಂಪ್ಯೂಟರ್ ಚಿಪ್, ಸಾಫ್ಟ್‌ವೇರಿನ ಸುದ್ದಿಗೆ ಹಾರಿದ್ದರು. ನಮ್ಮ ಸಂಪಾದಕಿ ಡಯೇನ್, ಹೊಸದಾಗಿ ಸೇರಿದ ಹಾಸನದ ಹೆಂಗಸಿನ ತಲೆಗೆ ಇದನ್ನು ಕಟ್ಟಿದಳು. ನನಗೋ ಸೈನ್ಯದ ಗಂಧಗಾಳಿ ಇರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಬಂದರಿಗೆ ಬಂದಿದ್ದ ಯುದ್ಧನೌಕೆಯೊಂದನ್ನು ನೋಡಲು ಹೋದಾಗ ಎದುರಾದ ವ್ಯಕ್ತಿ ತಾನು ಕ್ಯಾಪ್ಟನ್ ಎಂದ. ಭೂಸೇನೆಯಲ್ಲಿ ಕ್ಯಾಪ್ಟನ್ ಎಂದರೆ ಕಿರಿಯ ಎಂದು ಹಿಂದಿನ ದಿನವಷ್ಟೇ ಓದಿಕೊಂಡಿದ್ದೆ. ನೌಕಾಪಡೆಯಲ್ಲಿ ಅವನೇ ಹಡಗಿನ ಯಜಮಾನ ಎನ್ನುವ ಪುಟ ಓದಿರಲಿಲ್ಲ. "ನಿಮಗಿಂತ ಮೇಲಿನವರು ಯಾರಾದರೂ ಇದ್ದರೆ ಕರೆಯಿರಿ" ಎಂದೆ. ಅವನು ಕತ್ತೆತ್ತಿ ನೋಡಿ, "ಸದ್ಯಕ್ಕೆ ಆ ಸೀಗಲ್ ಹಕ್ಕಿ ಮಾತ್ರ ಮೇಲಿದೆ" ಎಂದ. ಆಫೀಸಿನಲ್ಲಿ ಎಷ್ಟೋ ದಿನ ನನ್ನ ಹೆಸರೇ ಸೀಗಲ್ ಆಗಿತ್ತು.

ಡಯೇನ್ ಕಲಿಸಿದ ಮೊದಲ ಪಾಠ ಇಷ್ಟು: ಮಾತಿನ ಷರತ್ತು ಮಾತಿಗೆ ಮುಂಚೆ. ಹೆಸರು ಹಾಕಿ ಬರೆಯಬಹುದೋ, ಹೆಸರಿಲ್ಲದೆ ಬರೆಯಬೇಕೋ, ಬರೆಯಲೇಬಾರದೋ ಎಂಬುದು ಕಾಫಿ ಕಪ್ಪು ಎತ್ತುವ ಮೊದಲೇ ತೀರ್ಮಾನವಾಗಬೇಕು. ಹೇಳಿ ಮುಗಿಸಿ ನಾಲಿಗೆ ಕಚ್ಚಿಕೊಂಡು "ಇದು ನಮ್ಮಲ್ಲೇ ಇರಲಿ" ಎಂದರೆ ನಡೆಯುವುದಿಲ್ಲ. ಮೊದಮೊದಲು ಫೋನು ಮಾಡಿದರೆ ಅಧಿಕಾರಿಗಳೇ ಎತ್ತುತ್ತಿದ್ದರು. ಆಮೇಲೆ ನಡುವೆ ಒಬ್ಬ ಮಾಧ್ಯಮಾಧಿಕಾರಿ ಬಂದು ಕೂತ. ಆಮೇಲಾಮೇಲೆ ಪ್ರಶ್ನೆಯನ್ನು ಇಮೇಲ್ ಮಾಡಿ ಎಂದರು. ಬರುವ ಉತ್ತರ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಹೀಗಾಗಿ ಜನರಲ್ ಒಬ್ಬ ಎದುರು ಕೂತು ನೇರವಾಗಿ ಮಾತಾಡುತ್ತಾನೆ ಎಂದರೆ ವರದಿಗಾರರಿಗೆ ಹಬ್ಬ.

ಇನ್ನೊಂದು ಪದ್ಧತಿಯನ್ನೂ ಹೇಳಬೇಕು, ಏಕೆಂದರೆ ಮುಂದಿನ ಅನಾಹುತಕ್ಕೆಲ್ಲ ಅದೇ ಮೂಲ. ಯಾವುದೇ ಭೇಟಿ ಮುಗಿದ ಮೇಲೆ ವರದಿಗಾರರು ಪಾರ್ಕಿಂಗ್ ಲಾಟಿನಲ್ಲಿ ಗುಂಪುಗೂಡುತ್ತಾರೆ. "ಅವನು ಹೇಳಿದ್ದು ಹೀಗೇ ತಾನೇ?" ಎಂದು ಒಬ್ಬರು ಬರೆದುಕೊಂಡದ್ದನ್ನು ಇನ್ನೊಬ್ಬರು ನೋಡಿ ಸರಿಮಾಡಿಕೊಳ್ಳುತ್ತಾರೆ. ತಪ್ಪಾಗಬಾರದು ಎಂದು ಹುಟ್ಟಿದ ಒಳ್ಳೆಯ ರೂಢಿ. ಆದರೆ ಅಲ್ಲಿ ಮಾತು ಸರಿಮಾಡಿಕೊಳ್ಳುತ್ತ ಮಾಡಿಕೊಳ್ಳುತ್ತ, ಇವತ್ತಿನ ಸುದ್ದಿ ಯಾವುದು ಎನ್ನುವುದನ್ನೂ ಎಲ್ಲರೂ ಸೇರಿ ತೀರ್ಮಾನಿಸಿಬಿಡುತ್ತಾರೆ. ಯಾರೂ ಓದಿ ಹೇಳದ ಮಾತು ಅಲ್ಲೇ ಕಾರುಗಳ ನಡುವೆ ಬಿದ್ದುಹೋಗುತ್ತದೆ.

ಈಗ ಸರೋಜಳ ವಿಷಯಕ್ಕೆ ಬರುತ್ತೇನೆ. ಸರೋಜ ಮಂಡ್ಯ ಕಡೆಯವಳು. ಫಾಸ್ಟರ್ ಸಿಟಿಯಲ್ಲಿ ಮನೆಯಲ್ಲೇ ಡೇಕೇರ್ ನಡೆಸುತ್ತಾಳೆ. ಗಂಡ ಒಂದು ಕಂಪನಿಯಲ್ಲಿ ಟೆಸ್ಟಿಂಗ್ ಎಂಜಿನಿಯರು. ಒಬ್ಬನೇ ಮಗ ಚೇತನ್. ಹೈಸ್ಕೂಲು ಮುಗಿದದ್ದೇ ಕಾಲೇಜಿಗೆ ಹೋಗದೆ ಸೈನ್ಯಕ್ಕೆ ಸೇರಿಬಿಟ್ಟ. ಅಧಿಕಾರಿಯಾಗಿ ಅಲ್ಲ, ಸಾಮಾನ್ಯ ಸೈನಿಕನಾಗಿ. ಟ್ರಕ್ ಓಡಿಸುವ ಕೆಲಸ.

ನಮ್ಮ ಜನ ಏನಂದರು ಗೊತ್ತೇ? "ಪಾಪ, ಓದು ಹತ್ತಲಿಲ್ಲವೇನೋ" ಅಂದರು. ಕನ್ನಡ ಸಂಘದ ಯುಗಾದಿಯಲ್ಲಿ ಸರೋಜ ಒಬ್ಬಳೇ ಒಂದು ಮೇಜಿನಲ್ಲಿ ಕೂತು ಹೋಳಿಗೆ ತಿಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದೇ ಜನ ಸರಟೋಗಾದ ಗುಡ್ಡದ ಮನೆಗಳಲ್ಲಿ ಸೇರಿದಾಗ ಭಾರತಕ್ಕೂ ಅಮೆರಿಕಕ್ಕೂ ಸೇರಿಸಿ ಒಂದೇ ಔಷಧಿ ಬರೆಯುತ್ತಾರೆ. ಅಂಥ ಒಂದು ಮನೆಯ ಯಜಮಾನ, ಹೃದ್ರೋಗ ತಜ್ಞ ಶ್ರೀಕಂಠ, ನನ್ನ ತಟ್ಟೆಗೆ ಬಿಸಿಬೇಳೆ ಬಾತ್ ಬಡಿಸುತ್ತಲೇ ಹೇಳಿದ್ದ: "ಈ ಪೊಲಿಟಿಷಿಯನ್ಸ್‌ನೆಲ್ಲಾ ಓಡ್ಸಿ ಒಂದೈದ್ ವರ್ಷ ಮಿಲಿಟರಿ ರೂಲ್ ತರ್ಬೇಕು ಕಣ್ರೀ. ಡಿಸಿಪ್ಲಿನ್ ಬರುತ್ತೆ."

"ಬೇಲೀನೇ ಎದ್ದು ಹೊಲ ಮೇಯ್ದ್ರೆ ಯಾರಿಗ್ ಹೇಳ್ತೀರಿ ಡಾಕ್ಟ್ರೇ?" ಎಂದೆ.

"ನೀವು ಜರ್ನಲಿಸ್ಟ್ಸು ಎಲ್ಲಾದಕ್ಕೂ ನೆಗೆಟಿವ್ವು" ಎಂದು ನಕ್ಕ. ಅವನ ಇಬ್ಬರು ಮಕ್ಕಳೂ ಮೆಡಿಕಲ್ ಓದುತ್ತಿದ್ದರು. ಶಿಸ್ತು ಬೇಕು, ಸೈನ್ಯ ಬೇಕು, ಆದರೆ ಟ್ರಕ್ ಓಡಿಸುವುದು ಬೇರೆಯವರ ಮಕ್ಕಳು.

ಚೇತನ್ ಸತ್ತದ್ದು ಯುದ್ಧದಲ್ಲಲ್ಲ, ತರಬೇತಿಯಲ್ಲಿ. ಮರಳುಗಾಡಿನ ತರಬೇತಿ ಮೈದಾನದ ಇಳಿಜಾರಿನಲ್ಲಿ ಅವನು ಓಡಿಸುತ್ತಿದ್ದ ಟ್ರಕ್ ಮಗುಚಿತು. ಹಿಂದೆ ಕೂತಿದ್ದ ಹುಡುಗರು ಬದುಕಿಕೊಂಡರು, ಇವನು ಉಳಿಯಲಿಲ್ಲ. ಅಂತ್ಯಸಂಸ್ಕಾರಕ್ಕೆ ಇಡೀ ಸಂಘ ಬಂತು. ಓದು ಹತ್ತಲಿಲ್ಲ ಅಂದವರೇ ಧ್ವಜದ ಮುಂದೆ ನಿಂತು ಎದೆ ಮೇಲೆ ಕೈಯಿಟ್ಟರು, ಫೋಟೋ ಹಾಕಿಕೊಂಡರು. ಆಮೇಲೆ ಸೇನೆಯ ತನಿಖೆ ಮುಗಿಯಿತು. ಚಾಲಕನ ಅತಿವೇಗವೇ ಅಪಘಾತಕ್ಕೆ ಕಾರಣ ಎಂದು ಇಬ್ಬರು ಅಧಿಕಾರಿಗಳು ಮನೆಗೆ ಬಂದು, ಸೋಫಾದ ಅಂಚಿನಲ್ಲಿ ಕೂತು ಹೇಳಿಹೋದರು. ಫೋಟೋ ಹಾಕಿಕೊಂಡವರ ಫೋನು ಅಂದಿನಿಂದ ನಿಂತಿತು.

ಸರೋಜ ನನ್ನನ್ನು ಕರೆಸಿದಳು. ಅವಳ ಸುತ್ತ ಪರರ ಮಕ್ಕಳು ಮರದ ಬಿಲ್ಲೆ ಜೋಡಿಸುತ್ತ ಕೂತಿದ್ದವು. ಒಂದರ ಮೂಗು ಒರೆಸುತ್ತ ಅವಳು ಮಾತಾಡಿದಳು. "ಅಕ್ಕ, ನನ್ ಮಗ ಹೋದ. ಅದ್ನ ಯಾರೂ ವಾಪಸ್ ತರಕ್ಕಾಗಲ್ಲ. ಆದ್ರೆ ಅವ್ನೇ ಜೋರಾಗ್ ಓಡ್ಸಿ ಸತ್ತ, ಜೊತೇಲಿದ್ದೋರ್‌ನೂ ಸಾಯಿಸ್ತಿದ್ದ ಅಂತವ್ರೆ. ಅವನು ಫ್ರೀವೇನಲ್ಲೇ ಅರವತ್ತು ಮೈಲಿ ದಾಟ್ತಿರ್ಲಿಲ್ಲ ಕಣಕ್ಕ. ಬೇಗ ಹೋಗೋ ಅಂದ್ರೆ 'ಅಮ್ಮಾ, ರಿಲ್ಯಾಕ್ಸ್' ಅನ್ನೋನು. ನೀನು ಪೇಪರ್‌ನೋಳಲ್ವಾ? ಕೇಳು ಅವ್ರನ್ನ."

ಕೇಳಿದೆ. ಇಮೇಲಿನಲ್ಲಿ ಕೇಳಿದೆ, ಫೋನಿನಲ್ಲಿ ಕೇಳಿದೆ. "ತನಿಖೆಯ ತೀರ್ಮಾನದ ಆಚೆಗೆ ಹೇಳುವುದೇನೂ ಇಲ್ಲ" ಎಂಬ ಅದೇ ವಾಕ್ಯ ಬೇರೆ ಬೇರೆ ಸಹಿಯೊಂದಿಗೆ ಬಂತು. ಟ್ರಕ್ಕಿನ ಬ್ರೇಕು ಹೇಗಿತ್ತು ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ.

ಅಂಥ ಹೊತ್ತಿನಲ್ಲಿ ಆ ಜನರಲ್ ನಮ್ಮ ಕಡೆಗೆ ಬಂದ. ಪಡೆಗಳಿಗೆ ತರಬೇತಿಯನ್ನೂ ವಾಹನಗಳನ್ನೂ ಒದಗಿಸುವ ಇಡೀ ವಿಭಾಗದ ಮುಖ್ಯಸ್ಥ. ಎತ್ತರದ ಆಳು, ಒಳ್ಳೆಯ ಮಾತುಗಾರ, ನಗಿಸಬಲ್ಲವನು. ಪಾಲೋ ಆಲ್ಟೋದ ಹೋಟೆಲೊಂದರಲ್ಲಿ ಕೆಲವು ವರದಿಗಾರರನ್ನು ಊಟಕ್ಕೆ ಕರೆದ. ಪಕ್ಕದಲ್ಲಿದ್ದ ಮಾಧ್ಯಮಾಧಿಕಾರಿ ಷರತ್ತು ಹೇಳಲು ಬಾಯಿ ತೆರೆದರೆ ಜನರಲ್ ಕೈ ಅಡ್ಡ ಹಿಡಿದ. "ಎಲ್ಲವನ್ನೂ ನನ್ನ ಹೆಸರಲ್ಲೇ ಬರೆಯಿರಿ. ಗುಟ್ಟು ಮಾಡಿ ಮಾಡಿ ಬೇಸತ್ತಿದ್ದೇನೆ" ಎಂದ. ಆ ಅಧಿಕಾರಿಯ ಮುಖ ಬಿಳಿಚಿತು. ನಾವೆಲ್ಲ ಕುರ್ಚಿ ಮುಂದಕ್ಕೆಳೆದುಕೊಂಡೆವು. ನಾನು ಫೋನನ್ನು ರೆಕಾರ್ಡಿಗೆ ಹಾಕಿ ಮೇಜಿನ ಮೇಲಿಟ್ಟೆ.

ಸಾಲಡ್ ಮುಗಿಯುವ ಮೊದಲೇ ಜನರಲ್ ರಕ್ಷಣಾ ಇಲಾಖೆಯ ಮಂತ್ರಿಯನ್ನು ಹಿಡಿದು ಝಾಡಿಸಿದ. ಮಂತ್ರಿ ಎಂದರೆ ಮತದಾರರು ಆರಿಸಿದ ಸರ್ಕಾರದ ಕಡೆಯಿಂದ ಸೇನೆಯ ಮೇಲೆ ಕೂತ ನಾಗರಿಕ, ಈ ಜನರಲ್‌ನ ಯಜಮಾನ. "ಆ ಮನುಷ್ಯನ ಕೈಗೆ ಯುದ್ಧದ ನಕ್ಷೆ ಕೊಟ್ಟರೆ ಸ್ಯಾಂಡ್‌ವಿಚ್ ಸುತ್ತಿಕೊಂಡು ಹೋಗುತ್ತಾನೆ" ಎಂದ. ಮೇಜಿನ ಸುತ್ತ ನಗು. ಇನ್ನಷ್ಟು ಹೇಳಿದ, ಇನ್ನಷ್ಟು ನಗು.

ಆಮೇಲೆ ಮೀನು ಬಂತು. ಅದನ್ನು ಕತ್ತರಿಸುತ್ತ, ಹವಾಮಾನದ ಬಗ್ಗೆ ಮಾತಾಡುವವನ ಹಾಗೆ, ಅವನು ಹೇಳಿದ: "ಮೆರವಣಿಗೆಗೆ ದುಡ್ಡು ಕೊಡುತ್ತಾರೆ, ಬ್ರೇಕಿಗೆ ಕೊಡುವುದಿಲ್ಲ. ನಮ್ಮ ಹಳೆಯ ಟ್ರಕ್ಕುಗಳ ಬ್ರೇಕು ಇಳಿಜಾರಿನಲ್ಲಿ ನಿಲ್ಲುವುದಿಲ್ಲ ಎಂದು ನನಗೆ ಬಹಳ ಹಿಂದೆಯೇ ಗೊತ್ತು. ಆದರೂ ಹುಡುಗರು ಓಡಿಸುತ್ತಾರೆ. ಒಳ್ಳೆಯ ಹುಡುಗರು."

ನಾನು ಫೋರ್ಕು ಕೆಳಗಿಟ್ಟೆ. "ಯಾವ ಟ್ರಕ್ಕು? ಮರಳುಗಾಡಿನಲ್ಲಿ ಮಗುಚಿದ್ದು ಆ ಜಾತಿಯದೇ?" ಎಂದು ಕೇಳಿದೆ. "ಅದೇ. ಅದು ಬೇಸರದ ಸಂಗತಿ" ಎಂದ. ಮುಂದಿನ ಪ್ರಶ್ನೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಪಕ್ಕದವನು, ಮಂತ್ರಿಯ ಬಗ್ಗೆ ಇನ್ನೇನಾದರೂ ಹೇಳುವಿರಾ ಎಂದು ಕೇಳಿದ. ಜನರಲ್‌ನ ಮುಖ ಅರಳಿತು.

ಪಾರ್ಕಿಂಗ್ ಲಾಟಿನಲ್ಲಿ ಎಂದಿನ ಗುಂಪು. ನಕ್ಷೆ, ಸ್ಯಾಂಡ್‌ವಿಚ್ಚು, ಪ್ರತಿ ಪದವನ್ನೂ ಹೊಂದಿಸಿಕೊಂಡರು. "ಬ್ರೇಕಿನ ಮಾತು ಯಾರು ಬರೆದುಕೊಂಡಿರಿ?" ಎಂದು ಕೇಳಿದೆ. ಒಬ್ಬ, "ಯಾವ ಬ್ರೇಕು?" ಎಂದ. ಇನ್ನೊಬ್ಬಳಿಗೆ ನೆನಪಿತ್ತು. "ಬಜೆಟ್ಟಿನ ಗೊಣಗಾಟ ತಾನೇ, ಎಲ್ಲ ಜನರಲ್‌ಗಳೂ ಮಾಡುತ್ತಾರೆ" ಎಂದಳು. ಅಷ್ಟರಲ್ಲಿ ಒಬ್ಬನ ಸುದ್ದಿ ಆಗಲೇ ಜಾಲತಾಣಕ್ಕೆ ಏರಿತ್ತು. ಉಳಿದವರು ಕಾರಿನಲ್ಲೇ ಕೂತು ಟೈಪು ಮಾಡಲು ಶುರುಮಾಡಿದರು.

ನಾನು ಆಫೀಸಿಗೆ ಹೋಗಿ ಬ್ರೇಕಿನ ಸುದ್ದಿ ಬರೆದೆ. ಡಯೇನ್ ಕೆಟ್ಟವಳಲ್ಲ, ನನ್ನ ಪರವಾಗಿ ಎಷ್ಟೋ ಸಲ ಮಾಲೀಕರ ಹತ್ತಿರ ಜಗಳವಾಡಿದವಳು. ಆದರೆ ಆವತ್ತು ಪರದೆ ನೋಡುತ್ತ, "ಇದು ಬೇರೆ ಯಾರ ಹತ್ತಿರವೂ ಇಲ್ಲವಲ್ಲ?" ಎಂದಳು.

"ಇಲ್ಲ. ಅದಕ್ಕೇ ಸುದ್ದಿ" ಎಂದೆ.

"ಎಲ್ಲರೂ ಸ್ಯಾಂಡ್‌ವಿಚ್ ಹಾಕಿ ನಾವೊಬ್ಬರೇ ಬ್ರೇಕು ಹಾಕಿದರೆ ನಾವು ತಪ್ಪು ಮಾಡಿದ ಹಾಗೆ ಕಾಣುತ್ತದೆ" ಎಂದಳು.

ನಾನು ಕಿರುಚಿದೆ, ಹೌದು, ಇಡೀ ನ್ಯೂಸ್‌ರೂಮು ತಿರುಗಿ ನೋಡುವ ಹಾಗೆ. ಒಬ್ಬ ಹುಡುಗನ ತಲೆಗೆ ಕಟ್ಟಿದ ತಪ್ಪನ್ನು ಇಳಿಸುವ ಮಾತು ನನ್ನ ಫೋನಿನಲ್ಲಿ ಧ್ವನಿಸಮೇತ ಇದೆ, ನಿಮಗೆ ಜೋಕು ಬೇಕಾಗಿದೆ ಎಂದೆ. ಕೊನೆಗೆ ಮುಖಪುಟಕ್ಕೆ ಸ್ಯಾಂಡ್‌ವಿಚ್ಚೇ ಹೋಯಿತು. ಬ್ರೇಕು ಒಳಪುಟದ ಕೆಳಗೆ, ಹಾಸಿಗೆ ಜಾಹೀರಾತಿನ ಪಕ್ಕ ಬಿತ್ತು.

ಎರಡೇ ದಿನಕ್ಕೆ ಜನರಲ್‌ನನ್ನು ತೆಗೆದುಹಾಕಿದರು. ಇಲ್ಲಿ ನನ್ನ ಮಾತು ಕೆಲವರಿಗೆ ಹಿಡಿಸುವುದಿಲ್ಲ: ತೆಗೆದದ್ದು ಸರಿಯೇ. ಬಂದೂಕು ಇರುವವನು, ತನ್ನ ಮೇಲಿರುವ ನಾಗರಿಕ ಎಷ್ಟೇ ದಡ್ಡನಾಗಿದ್ದರೂ, ಊರ ಮುಂದೆ ಅವನನ್ನು ಹೀಯಾಳಿಸುವಂತಿಲ್ಲ. ಆ ದಡ್ಡನನ್ನು ಇಳಿಸುವುದು ನಮ್ಮ ಕೆಲಸ, ಮತ ಹಾಕುವವರ ಕೆಲಸ. ಆದರೆ ಆ ಮಂತ್ರಿಯ ಮೇಲೆ ನನಗೆ ಇನ್ನೂ ಹೆಚ್ಚು ಸಿಟ್ಟಿದೆ. ಜೋಕಿಗೆ ಕೆರಳಿದ ಮಹಾಶಯ ಬ್ರೇಕಿನ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಸೇನೆಯನ್ನು ಹತೋಟಿಯಲ್ಲಿಡುವುದು ಎಂದರೆ ತನ್ನ ಮಾನ ಕಾಪಾಡಿಕೊಳ್ಳುವುದು ಎಂದು ತಿಳಿದ ಮನುಷ್ಯ.

ಶ್ರೀಕಂಠ ಫೋನು ಮಾಡಿ ಹಿಗ್ಗಿದ: "ನೋಡಿದ್ರಾ, ಎಂಥಾ ಗಂಡ್ಸು! ಮುಖಕ್ಕೆ ಹೊಡ್ದಂಗೆ ಹೇಳ್ದ." ಟೀವಿಯವರಂತೂ ಅವನನ್ನು ಬಿಡಲೇ ಇಲ್ಲ. ಸತ್ಯವಂತ, ನಿರ್ಭೀತ ಎಂದು ಎಲ್ಲ ಚಾನೆಲ್‌ಗಳಲ್ಲೂ ಕೂರಿಸಿದರು. ಕೆಲವೇ ತಿಂಗಳಲ್ಲಿ ನಮ್ಮ ಸಿಲಿಕಾನ್ ಕಣಿವೆಯ ಡ್ರೋನ್ ಕಂಪನಿಯೊಂದರ ಸಲಹೆಗಾರನೂ ಆದ. ನಾನು ಬ್ರೇಕಿನ ಬಗ್ಗೆ ಕೇಳಲು ಫೋನು ಮಾಡಿದರೆ, "ನಾನೀಗ ಖಾಸಗಿ ವ್ಯಕ್ತಿ, ಹಳೆಯ ಕೆಲಸದ ವಿವರ ಮಾತಾಡುವುದು ಸರಿಯಲ್ಲ" ಎಂದು ಇಟ್ಟುಬಿಟ್ಟ. ಮಂತ್ರಿಯ ಬಗ್ಗೆ ಕೇಳಿದ್ದರೆ ಸಂಜೆಯವರೆಗೂ ಮಾತಾಡುತ್ತಿದ್ದ.

ಆ ಸಿಟ್ಟಿನಲ್ಲಿ ಇಲ್ಲಿನ ಸಂಸತ್ತಿನ ಸಮಿತಿ ನಡೆಸಿದ ಹಳೆಯ ವಿಚಾರಣೆಗಳ ದಾಖಲೆ ತೆಗೆದು ಕೂತೆ. ಅವು ಸಾರ್ವಜನಿಕ, ಯಾರು ಬೇಕಾದರೂ ಓದಬಹುದು. ಓದುವವರು ಯಾರೂ ಇರಲಿಲ್ಲ, ಅಷ್ಟೇ. ಚೇತನ್ ಸಾಯುವುದಕ್ಕೆ ಮೊದಲು ಇದೇ ಜನರಲ್ ಜನಪ್ರತಿನಿಧಿಗಳ ಸಮಿತಿಯ ಮುಂದೆ ಪ್ರಮಾಣ ಮಾಡಿ ಕೂತಿದ್ದ. ಸೇನೆ ತನ್ನ ಕೊರತೆಗಳನ್ನು ಹೇಳಿಕೊಳ್ಳಲೆಂದೇ ಇರುವ ಜಾಗ ಅದು. ನಮ್ಮ ಭಾಗದ ಒಬ್ಬ ಪ್ರತಿನಿಧಿ, ಮಾತು ನಿಧಾನ, ಟೀವಿಗೆ ಒಗ್ಗದ ಹೆಂಗಸು, ವಾಹನಗಳು ಸುಸ್ಥಿತಿಯಲ್ಲಿವೆಯೇ ಎಂದು ಅವನನ್ನು ಕೇಳಿದ್ದಳು. "ಕೊಟ್ಟ ಕೆಲಸಕ್ಕೆ ನಾವು ಸಂಪೂರ್ಣ ಸಜ್ಜಾಗಿದ್ದೇವೆ, ಮೇಡಂ" ಎಂದಿದ್ದ ನಮ್ಮ ನಿರ್ಭೀತ.

ಊಟಕ್ಕಿಲ್ಲದ ಉಪ್ಪಿನಕಾಯಿ ಯಾತಕ್ಕೆ? ಹೇಳಬೇಕಾದ ಕಡೆ ಹೇಳಿದ್ದರೆ ಆ ಟ್ರಕ್ಕುಗಳು ನಿಲ್ಲುತ್ತಿದ್ದವು. ಅಲ್ಲಿ ಹೇಳಿದ್ದರೆ ಯಾರೂ ಕೆಲಸದಿಂದ ತೆಗೆಯುತ್ತಿರಲಿಲ್ಲ, ಚಪ್ಪಾಳೆಯನ್ನೂ ಹೊಡೆಯುತ್ತಿರಲಿಲ್ಲ. ಚಪ್ಪಾಳೆ ಸಿಗುವ ಕಡೆ, ಮೀನು ತಿನ್ನುತ್ತ ಹೇಳಿದ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಅನ್ನುತ್ತಾರಲ್ಲ, ಇಲ್ಲಿ ಒರೆಸಿದ್ದು ಸತ್ತ ಮೇಕೆಯ ಬಾಯಿಗೆ.

ಅವನ ಎರಡೂ ಮಾತುಗಳನ್ನು, ಸಮಿತಿಯಲ್ಲಿ ಹೇಳಿದ್ದನ್ನೂ ಊಟದಲ್ಲಿ ಹೇಳಿದ್ದನ್ನೂ, ಅಕ್ಕಪಕ್ಕ ಇಟ್ಟು ಬರೆದೆ. ಈ ಸಲ ಡಯೇನ್ ಓದಿ, ಒಂದಕ್ಷರ ಮುಟ್ಟದೆ ಅಚ್ಚಿಗೆ ಕಳಿಸಿದಳು. ದೇಶವೇನೂ ನಡುಗಲಿಲ್ಲ. ಟೀವಿಯವರು ಮೂಸಿಯೂ ನೋಡಲಿಲ್ಲ. ಆದರೆ ಆ ನಿಧಾನ ಮಾತಿನ ಪ್ರತಿನಿಧಿ ಓದಿದಳು. ಅವಳ ಕಚೇರಿಯಿಂದ ಫೋನು ಬಂತು, ಆಮೇಲೆ ಜನರಲ್‌ಗೆ ಸಮಿತಿಯಿಂದ ಕರೆ ಹೋಯಿತು. ಈ ಸಲ ಅವನು ಖಾಸಗಿ ವ್ಯಕ್ತಿ ಎಂದು ತಪ್ಪಿಸಿಕೊಳ್ಳುವಂತಿರಲಿಲ್ಲ.

ವಿಚಾರಣೆಯ ದಿನ ಸರೋಜ ಡೇಕೇರಿಗೆ ರಜೆ ಕೊಟ್ಟಳು. ನಾನು ಅವಳ ಮನೆಯಿಂದಲೇ ವರದಿ ಮಾಡುತ್ತೇನೆ ಎಂದು ಆಫೀಸಿಗೆ ಹೇಳಿದ್ದೆ. ಗಂಡ ಹೆಂಡತಿ ಸೋಫಾದಲ್ಲಿ ಕೂತರು, ನಾನು ಊಟದ ಮೇಜಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂತೆ. ಟೀವಿಯಲ್ಲಿ ಜನರಲ್ ಸೂಟು ಹಾಕಿಕೊಂಡು ಬಂದ. ಪ್ರತಿನಿಧಿ ಕನ್ನಡಕ ಸರಿಮಾಡಿಕೊಂಡು, ಒಂದು ನಗೆಯಿಲ್ಲ ಒಂದು ಬೈಗುಳವಿಲ್ಲ, ನಿಧಾನವಾಗಿ ಕೇಳುತ್ತ ಹೋದಳು. ಬ್ರೇಕಿನ ದೋಷ ನಿಮಗೆ ಗೊತ್ತಿತ್ತೇ? ಗೊತ್ತಿತ್ತು. ಇದೇ ಕುರ್ಚಿಯಲ್ಲಿ ಕೂತು ನನಗೆ ಏಕೆ ಹೇಳಲಿಲ್ಲ? "ಆಗ ಆ ಮಾತು ಆಡುವುದು ಅನುಕೂಲಕರವಾಗಿರಲಿಲ್ಲ." ಮರಳುಗಾಡಿನ ಆ ಇಳಿಜಾರಿನಲ್ಲಿ ಚಾಲಕ ಬೇರೇನಾದರೂ ಮಾಡಬಹುದಿತ್ತೇ?

ಜನರಲ್ ನೀರು ಕುಡಿದ. "ಇಲ್ಲ. ಆ ಟ್ರಕ್ಕಿನಲ್ಲಿ ಯಾವ ಚಾಲಕನೂ ಏನೂ ಮಾಡಲಾಗುತ್ತಿರಲಿಲ್ಲ. ತಪ್ಪು ಅವನದಲ್ಲ."

ಸರೋಜಳ ಗಂಡ ಮುಖ ಮುಚ್ಚಿಕೊಂಡು ಬಿಕ್ಕಿದ. ಸರೋಜ ಅಳಲಿಲ್ಲ. ಪರದೆಯನ್ನೇ ನೋಡುತ್ತಿದ್ದಳು. ವಿಚಾರಣೆ ಮುಗಿದದ್ದೇ ಚಾನೆಲಿನ ವಿಶ್ಲೇಷಕರು ಬಂದರು. ಒಬ್ಬ ಟೈ ಸರಿಮಾಡಿಕೊಂಡು ಹೇಳಿದ: "ಎಂಥ ಪ್ರಾಮಾಣಿಕತೆ. ಹೀಗೆ ಒಪ್ಪಿಕೊಳ್ಳಲು ಅಪಾರ ಧೈರ್ಯ ಬೇಕು."

"ಧೈರ್ಯ ಅಂತೆ!" ಎಂದಳು ಸರೋಜ. ಎದ್ದು ನಿಂತಳು. "ಕೇಳ್ದಾ ಅಕ್ಕ? ಧೈರ್ಯ ಅಂತೆ! ಇಷ್ಟ್ ಹೇಳಕ್ಕೆ ಇವ್ನಿಗೆ ಇಷ್ಟ್ ದಿವ್ಸ ಬೇಕಾಯ್ತಾ? ಆ ಗಾಡಿ ನಿಲ್ಲಲ್ಲ ಅಂತ ಇವ್ನಿಗೆ ಗೊತ್ತಿತ್ತು, ಇವ್ನು ಹತ್ಲಿಲ್ಲ. ನನ್ ಮಗುಂಗೆ ಗೊತ್ತಿರ್ಲಿಲ್ಲ, ಹತ್ಸುದ್ರು. ಅದ್ರಲ್ಲಿ ಇವ್ನ ಧೈರ್ಯ ಎಲ್ಲೈತೆ?"

ನಾನು ಆ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಸುದ್ದಿಯ ಮೊದಲ ವಾಕ್ಯವಾಗಿ ಹಾಕಿದೆ. ಡಯೇನ್ ಫೋನು ಮಾಡಿದಳು. ತಲೆಬರಹದಲ್ಲಿ ಜನರಲ್ ಒಪ್ಪಿಕೊಂಡ ಎಂದು ಹಾಕೋಣವೇ, ಜನ ಓದುವುದು ಅವನ ಹೆಸರನ್ನೇ, ಎಂದಳು. ಮೊದಲಿನ ಹಾಗೆ ಕಿರುಚಲು ನನಗೆ ಶಕ್ತಿ ಇರಲಿಲ್ಲ. ತಾಯಿ ಇಲ್ಲೇ ನಿಂತಿದ್ದಾಳೆ, ನೀನೇ ಕೇಳು ಎಂದು ಫೋನನ್ನು ಸರೋಜಳ ಕೈಗೆ ಕೊಟ್ಟೆ.

ಸರೋಜ ತನಗೆ ಬರುವ ಇಂಗ್ಲಿಷಿನಲ್ಲಿ, ಡೇಕೇರಿನ ಮಕ್ಕಳಿಗೆ ಹೇಳುವಷ್ಟು ಬಿಡಿಸಿ ಬಿಡಿಸಿ, ಹೇಳಿದಳು: "ನೋ ಜನರಲ್. ಮೈ ಸನ್ ನೇಮ್, ಚೇತನ್. ಯು ರೈಟ್ ಇನ್ ಪೇಪರ್, ಹಿ ಡ್ರೋವ್ ಕರೆಕ್ಟ್."